‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’: ಈ ಗಾದೆ ಯಾರಿಗೆ ಹೇಳಿದ್ದು?

ಕುವೆಂಪುನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಪೇಪರಿಗೆ ಗಾದೆ ವಿಸ್ತರಣೆ ಬರೆಯೋ ಅಭ್ಯಾಸ ನಡೀತಿದೆ. ನಿನ್ನೆ ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಅನ್ನೋದನ್ನ ಎತ್ತಿಕೊಂಡಳು. ಅವಳ ಹತ್ತಿರ ಇರೋ ಗೈಡಿನಲ್ಲಿ ‘ದಡ್ಡರ ಕುರಿತು ಹೇಳಿದ ಮಾತು’ ಅಂತ ಒಂದೇ ಸಾಲು ಇದೆ. ನಮ್ಮ ಮಾವನವರು ಪಾಂಡವಪುರದ ಕಡೆಯವರು, ದನಗಳ ಜೊತೆಯಲ್ಲೇ ಬೆಳೆದವರು. ಅದನ್ನು ಕೇಳಿಸಿಕೊಂಡು, ‘ದಡ್ಡರಿಗಲ್ಲ ಕಣಮ್ಮಾ, ತಿಳಿದೋರಿಗೇ ಹೇಳೋದು ಅದು’ ಅಂದರು. ಯಾಕೆ ಅಂತ ಕೇಳಿದರೆ ‘ಯೋಚನೆ ಮಾಡಿ’ ಅಂತಷ್ಟೇ ಹೇಳಿ ಸುಮ್ಮನಾದರು.

ನಾನು ಹುಟ್ಟಿ ಬೆಳೆದದ್ದೆಲ್ಲ ಮೈಸೂರು ಪಟ್ಟಣದಲ್ಲೇ. ಕೊಟ್ಟಿಗೆ ಕಂಡವಳಲ್ಲ. ಎತ್ತು ಗಂಡು, ಅದು ಈಯೋಲ್ಲ, ಆದರೂ ಕೇಳಿದವನು ನಂಬಿಬಿಟ್ಟ. ಇಷ್ಟು ಅರ್ಥ ಆಗುತ್ತೆ. ಆದರೆ ನಂಬಿದವನು ದಡ್ಡ ಅಲ್ಲದಿದ್ದರೆ ಇನ್ನೇನು? ಮತ್ತೆ, ಕಟ್ಟು ಅಂದದ್ದು ಏನನ್ನ, ಎತ್ತನ್ನೋ ಕರುವನ್ನೋ? ಈ ಮಾತು ಹುಟ್ಟಿದ್ದು ಹೇಗೆ? ಹಳ್ಳಿ ಕಡೆಯವರು, ಗಾದೆ ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಬರೀ ಮಾರ್ಕ್ಸಿಗಲ್ಲ, ನನಗೂ ತಿಳಿಯಬೇಕು ಅನ್ನಿಸಿದೆ.

ಹೇಮಗಿರಿ ಸೀಮೆ:

ಅಕ್ಕ, ನಿಮ್ಮ ಮಾವನವರು ಸರಿಯಾಗೇ ಹೇಳಿದ್ದಾರೆ. ದನ ಈಯುವ ಹೊತ್ತಿನಲ್ಲಿ ಮನೆಯಲ್ಲಿ ಏನೇನು ನಡೆಯುತ್ತೆ ಅಂತ ಗೊತ್ತಾದರೆ ಗಾದೆ ತಾನಾಗೇ ಬಿಡಿಸಿಕೊಳ್ಳುತ್ತೆ.

ನಮ್ಮದು ಕೆ.ಆರ್. ಪೇಟೆ ತಾಲ್ಲೂಕು. ನಮ್ಮಲ್ಲಿ ಹಸು ಈಯಿತು ಅಂತ ಯಾರಾದರೂ ಬಂದು ಹೇಳಿದರೆ ಮೊದಲು ಬರೋ ಮಾತು ‘ಹೋರಿಗರವೋ ಹೆಣ್ಗರವೋ?’ ಆಮೇಲೆ ‘ಮಾಸು (ಹೊಟ್ಟೆಯಲ್ಲಿ ಕರುವನ್ನು ಸುತ್ತಿಕೊಂಡಿದ್ದ ಚೀಲ) ಬಿತ್ತಾ?’ ಆಮೇಲೆ ‘ಕರ ಎದ್ದು ನಿಂತ್ಕೊಂತಾ? ಮೊಲೆಗೆ ಬಾಯಿ ಹಾಕ್ತಾ?’ ಈ ಪ್ರಶ್ನೆಗಳು ಬರದ ಮನೆಯೇ ಇಲ್ಲ. ಯಾಕಂದ್ರೆ ಅಷ್ಟು ಕೆಲಸ ಇರುತ್ತೆ. ಕರುವಿನ ಮೂಗು, ಬಾಯಿಯ ಲೋಳೆ ಒರೆಸಬೇಕು. ತಾಯಿ ನೆಕ್ಕೋಕೆ ಬಿಡಬೇಕು. ಮಾಸು ಬೀಳೋವರೆಗೂ ಒಬ್ಬರು ಅಲ್ಲೇ ಕಾಯಬೇಕು, ಇಲ್ಲಾಂದ್ರೆ ಹಸು ಅದನ್ನ ತಿಂದುಬಿಡುತ್ತೆ. ಹನ್ನೆರಡು ಗಂಟೆ ದಾಟಿದರೂ ಬೀಳಲಿಲ್ಲ ಅಂದರೆ ದನದ ಡಾಕ್ಟರಿಗೆ ಹೇಳಿ ಕಳಿಸಬೇಕು. ಬಿದ್ದ ಮಾಸನ್ನು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿ ಬರೋ ಪದ್ಧತಿ ಇವತ್ತಿಗೂ ಇದೆ. ಗಿಣ್ಣು ಹಾಲು ಮೊದಲು ಕರುವಿನ ಹೊಟ್ಟೆಗೆ ಹೋಗಬೇಕು, ಮಿಕ್ಕಿದ್ದು ಮನೆಯವರಿಗೆ. ಇದೆಲ್ಲ ಮುಗಿದ ಮೇಲೆ ಕರು ಕಟ್ಟೋ ಮಾತು. ಹಾಲನ್ನೆಲ್ಲ ತಾನೇ ಕುಡಿದುಬಿಡದ ಹಾಗೆ ತಾಯಿಯಿಂದ ಒಂದಿಷ್ಟು ದೂರಕ್ಕೆ ಕಟ್ತೀವಿ.

ಈಗ ಗಾದೆಯವನನ್ನು ನೋಡಿ. ಅವನು ಇದರಲ್ಲಿ ಒಂದನ್ನೂ ಕೇಳಲಿಲ್ಲ. ಎಲ್ಲಾ ದಾಟಿ ಕೊನೇ ಕೆಲಸಕ್ಕೆ ಹಾರಿದ. ದನದ ವಿಷಯ ಗೊತ್ತಿಲ್ಲದವನಾಗಿದ್ದರೆ ‘ಹೌದಾ, ಈಗ ಏನು ಮಾಡ್ಬೇಕು?’ ಅಂತ ಕೇಳುತ್ತಿದ್ದ. ಕರು ಹುಟ್ಟಿದರೆ ಕಟ್ಟಬೇಕು ಅನ್ನೋದು ಅವನಿಗೆ ಬಾಯಿಪಾಠ. ಅದಕ್ಕೇ ‘ಈಯಿತು’ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ‘ಕಟ್ಟು’ ಅನ್ನೋದು ಹೊರಗೆ ಬಂತು. ಈದದ್ದು ಯಾವುದು ಅಂತ ಕೇಳೋಕೆ ಅವನಿಗೆ ಪುರುಸೊತ್ತೇ ಇರಲಿಲ್ಲ. ತಿಳಿದೋರಿಗೇ ಹೇಳಿದ್ದು ಅಂದರೆ ಇದು.

ಕಟ್ಟು ಅಂದದ್ದು ಕರುವನ್ನೇ. ನಮ್ಮ ಕಡೆ ‘ಎತ್ತು ಈದೈತೆ ಅಂದ್ರೆ ಕರ ಕಟ್ಟು ಅಂದಂಗೆ’ ಅಂತಲೂ ಹೇಳೋದುಂಟು.

ಮದ್ದೂರು ಬಯಲು:

ಹೇಮಗಿರಿ ಅಣ್ಣ, ಕರುವಿನ ಮಾತಿಗೆ ಮಾತ್ರ ನನ್ನ ತಕರಾರಿದೆ. ಹಗಲು ದನಗಳನ್ನು ಹೊರಗೆ ಮರದ ಕೆಳಗೆ ಕಟ್ಟಿರ್ತೀವಿ. ಈದ ದನಕ್ಕೆ ಗಾಳಿ ತಾಗಬಾರದು, ನಾಯಿ ಹತ್ತಿರ ಬರಬಾರದು, ಹಾಗಾಗಿ ಬಿಚ್ಚಿ ಒಳಗೆ ಕೊಟ್ಟಿಗೆಗೆ ಕಟ್ತೀವಿ. ನಮ್ಮ ಅಜ್ಜಿ ಬಾಯಲ್ಲಿ ಕರುವಿನ ಹೆಸರೇ ಬರುತ್ತಿರಲಿಲ್ಲ. ‘ಎತ್ತು ಈಯ್ತು ಅಂದ್ರೆ ಕೊಟ್ಗೆಗ್ ಕಟ್ಟು ಅಂದ್ನಂತೆ’. ಅಂದರೆ ಎತ್ತನ್ನೇ ಒಳಗೆ ಕಟ್ಟು ಅಂತ. ಹೀಗೆ ತಿಳಿದುಕೊಂಡರೆ ಗಾದೆಗೆ ಇನ್ನೂ ಬಿಸಿ ಜಾಸ್ತಿ ಅನ್ನಿಸುತ್ತೆ ನನಗೆ. ಎತ್ತಿನ ಹಗ್ಗ ಹಿಡಿದು ನಡೆಸಿಕೊಂಡು ಹೋಗೋವಾಗಲೂ ಇದು ಎತ್ತು ಅಲ್ವಾ ಅಂತ ಹೊಳೆಯಬಾರದಾ?

ಹೇಮಗಿರಿ ಸೀಮೆ:

ಅದೂ ಇರಬಹುದು ಬಿಡಿ. ಎರಡೂ ಮನೆಯಲ್ಲಿ ನಡೆಯೋ ಕೆಲಸವೇ. ಇನ್ನೊಂದು ಮಾತು ಬಿಟ್ಟುಹೋಗಿತ್ತು. ಹೋರಿ ಅನ್ನದೆ, ಗೂಳಿ ಅನ್ನದೆ ಎತ್ತು ಅಂದಿದ್ದಾರೆ, ಗಮನಿಸಿ. ಎತ್ತು ಅಂದರೆ ಬೀಜ ಒಡೆಸಿದ್ದು. ಅದು ಈಯೋದು ಹಾಗಿರಲಿ, ಕರುವಿಗೆ ತಂದೆಯಾಗೋಕೂ ಸಾಧ್ಯವಿಲ್ಲ. ಆಗದ ಮಾತಿನಲ್ಲೇ ತೀರಾ ಆಗದ್ದನ್ನ ಹುಡುಕಿ ಇಟ್ಟಿದ್ದಾರೆ ನಮ್ಮ ಹಿರಿಯರು.

ಗಂಗೋತ್ರಿ ಓದುಗ:

ನಾನು ಮಾನಸಗಂಗೋತ್ರಿಯಲ್ಲಿ ಜಾನಪದ ಓದ್ತಿದ್ದೇನೆ. ಮೂಲದ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳ್ತೀನಿ.

ಗಾದೆಗೆ ಒಬ್ಬ ಕರ್ತೃ, ಒಂದು ಹುಟ್ಟಿದ ದಿನ ಅಂತ ಇರೋದು ತೀರಾ ಕಡಿಮೆ. ಆದರೆ ಯಾವ ತರಹದ ಬದುಕಿನಿಂದ ಬಂತು ಅಂತ ಮಾತಿನೊಳಗೇ ಗುರುತು ಇರುತ್ತೆ. ಇದು ಉಳುಮೆಗೆ ಎತ್ತು, ಹಾಲಿಗೆ ಹಸು, ಎರಡೂ ಒಂದೇ ಸೂರಿನಡಿ ಇದ್ದ ಮನೆಯ ಮಾತು. ಆ ಬದುಕು ಹಳೇ ಮೈಸೂರು ಸೀಮೆಗೆ ಮಾತ್ರ ಸೇರಿದ್ದಲ್ಲ. ತೆಲುಗಿನಲ್ಲೂ ಇದೇ ಗಾದೆ ಇದೆ: ‘ಎದ್ದು ಈನಿಂದಂಟೇ ಗಾಟಿಕಿ ಕಟ್ಟೆಯ್ಯಮನ್ನಟ್ಲು’. ಅಲ್ಲಿ ಕೊಟ್ಟಿಗೆಯ ಬದಲು ದನ ಕಟ್ಟೋ ಗೂಟದ ಜಾಗ, ಉಳಿದಿದ್ದೆಲ್ಲ ಅದೇ. ಎತ್ತಿನ ವ್ಯಾಪಾರಕ್ಕೆ ಜನ ಜಾತ್ರೆಯಿಂದ ಜಾತ್ರೆಗೆ, ಸೀಮೆಯಿಂದ ಸೀಮೆಗೆ ಓಡಾಡ್ತಾ ಇದ್ದರು. ದನದ ಜೊತೆ ದನದ ಮಾತೂ ಓಡಾಡಿರಬೇಕು ಅನ್ನೋದು ನನ್ನ ಊಹೆ. ಯಾರಿಂದ ಯಾರಿಗೆ ಹೋಯ್ತು ಅಂತ ಜಗಳ ಆಡೋದಕ್ಕಿಂತ ಎರಡೂ ಮನೆಯ ಆಸ್ತಿ ಅಂದುಕೊಳ್ಳೋದು ಒಳ್ಳೇದು.

ಇನ್ನು ಗಾದೆಯ ಕಟ್ಟಡ. ಕೊನೆಯಲ್ಲಿ ‘ಅಂದರಂತೆ’ ಇದೆ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಇದ್ದ ಹಾಗೆ. ಇವು ಬುದ್ಧಿಮಾತು ಹೇಳಲ್ಲ. ಒಂದು ಪುಟ್ಟ ಪ್ರಸಂಗ ತೋರಿಸಿ ಸುಮ್ಮನಾಗ್ತವೆ. ಇಲ್ಲಿ ಇಬ್ಬರಿದ್ದಾರೆ. ಒಬ್ಬ ಸುದ್ದಿ ತಂದವನು, ಇನ್ನೊಬ್ಬ ಆಜ್ಞೆ ಕೊಟ್ಟವನು. ಸುದ್ದಿ ತಂದವನ ಮೇಲೆ ಗಾದೆ ಒಂದು ಮಾತೂ ಆಡಲ್ಲ. ಅವನು ಸುಳ್ಳು ಹೇಳಿದನಾ, ತಮಾಷೆ ಮಾಡಿದನಾ, ತಾನೂ ಯಾರಿಂದಲೋ ಕೇಳಿ ಬಂದನಾ, ಏನೂ ಇಲ್ಲ. ಗಾದೆಯ ಕಣ್ಣೆಲ್ಲ ಕೇಳಿದವನ ಮೇಲೇ.

ಹಳೇ ಗಾದೆ ಹುಡುಕೋ ಆಸೆ ಇರೋರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆದು ನೋಡಿ. ಪದಗಳ ಅರ್ಥದ ಜೊತೆಗೆ ಗಾದೆಗಳನ್ನೂ ಕೊಟ್ಟಿದ್ದಾರೆ. ದನ, ಎತ್ತು, ಎಮ್ಮೆ ಅಂತ ಒಂದೊಂದೇ ಪದ ಹಿಡಿದು ಹೋದರೆ ಒಂದು ಮಧ್ಯಾಹ್ನ ಹೋಗಿದ್ದೇ ಗೊತ್ತಾಗಲ್ಲ.

ಕೋಟೆ ಬೀದಿ, ಶ್ರೀರಂಗಪಟ್ಟಣ:

ನನಗೆ ಬೇರೆ ಥರ ಅನ್ನಿಸುತ್ತೆ. ಕಟ್ಟು ಅಂದವನು ನಂಬಿದ್ದಾನೆ ಅಂತ ಯಾಕೆ ಅಂದುಕೊಳ್ಳಬೇಕು? ಅವನು ಕೇಳಿಸಿಕೊಂಡೇ ಇಲ್ಲ. ಜಗಲಿ ಮೇಲೆ ಕೂತ ಯಜಮಾನ, ಎಲೆ ಅಡಿಕೆ ಹಾಕಿಕೊಳ್ತಾ ಇದ್ದಾನೆ. ಆಳು ಬಂದು ಏನೋ ಅಂದ. ‘ಹೂಂ, ಕಟ್ಟು ಹೋಗು’. ಅಷ್ಟೇ. ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ. ಗಮನವೇ ಇಲ್ಲ.

ನಾನು ಇದನ್ನು ಕಚೇರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಯಾವ ಕಚೇರಿ ಅಂತ ಬೇಡ. ಕೆಳಗಿನಿಂದ ಕಾಗದ ಬರುತ್ತೆ. ಮೇಲಿನವರು ಓದಲ್ಲ. ಮೂಲೆಯಲ್ಲಿ ‘ಸೂಕ್ತ ಕ್ರಮಕ್ಕಾಗಿ’ ಅಂತ ಬರೆದು ಇನ್ನೊಬ್ಬರ ಮೇಜಿಗೆ ಕಳಿಸ್ತಾರೆ. ಒಮ್ಮೆ ಒಂದೇ ಸರ್ವೆ ನಂಬರಿನ ಮೇಲೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಅರ್ಜಿ ಬಂದವು. ಎರಡಕ್ಕೂ ಅದೇ ಷರಾ, ಅದೇ ಸಹಿ. ಅರ್ಜಿ ಕೊಟ್ಟ ಇಬ್ಬರು ರೈತರೂ ತಿಂಗಳುಗಟ್ಟಲೆ ಅಲೆದರು. ಆಗ ನಮ್ಮ ಹಿರಿಯ ಗುಮಾಸ್ತರು ಹೇಳಿದ್ದು ಇದೇ ಗಾದೆ. ಅವರ ಮಾತಿನಲ್ಲಿ ಸಿಟ್ಟಿತ್ತು. ಆ ರೈತರ ಮುಖ ನೋಡಿದವರಿಗೆ ಆ ಸಿಟ್ಟು ಯಾಕೆ ಅಂತ ಗೊತ್ತಾಗುತ್ತೆ.

ಗಂಗೋತ್ರಿ ಓದುಗ:

ಸರ್, ನೀವು ಹೇಳಿದ್ದು ಗಾದೆ ಬಳಸೋ ಒಂದು ಮುಖ್ಯವಾದ ಜಾಗ. ನಂಬಿದವನೂ ಗಮನ ಕೊಡದವನೂ ಕೊನೆಗೆ ಮಾಡಿದ್ದು ಒಂದೇ, ಎದ್ದು ಹೋಗಿ ನೋಡಲಿಲ್ಲ. ಕೊಟ್ಟಿಗೆ ಬೇರೆ ಊರಲ್ಲಿ ಏನೂ ಇಲ್ಲ, ಹಳೇ ತೊಟ್ಟಿ ಮನೆಗಳಲ್ಲಿ ಮನೆಗೇ ಅಂಟಿಕೊಂಡಿರುತ್ತೆ.

ನಾಲೆ ಕೊನೆಯವನು:

ನಮ್ಮ ಮಳವಳ್ಳಿ ಕಡೆ ಈ ಗಾದೆ ಪ್ರತಿ ಮುಂಗಾರಿನಲ್ಲೂ ಬೇಕಾಗುತ್ತೆ. ಜುಲೈ ಬಂತು ಅಂದರೆ ಮೊಬೈಲಿಗೆ ವಿಡಿಯೋ ಬರೋಕೆ ಶುರು. ಕೆಆರ್‌ಎಸ್ ತುಂಬಿತು, ಗೇಟು ಎತ್ತಿದ್ರು, ನಾಲೆಗೆ ನೀರು ಬಿಟ್ರು. ಯಾವ ವರ್ಷದ ವಿಡಿಯೋ ಅಂತ ಯಾರೂ ನೋಡಲ್ಲ. ಅದನ್ನು ನೋಡಿ ಒಟ್ಲು, ಅಂದರೆ ನಾಟಿಗೆ ಬೇಕಾದ ಭತ್ತದ ಸಸಿ ಮಡಿ, ಹಾಕಿಬಿಡೋರು ಇದ್ದಾರೆ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಪಟ್ಟಣದವರಿಗೆ ಗೊತ್ತಾಗಲಿ. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ದಿನಾ ಪೇಪರಿನಲ್ಲಿ ಬರುತ್ತೆ. ಅದು ಮೊದಲನೇ ನೋಟ. ಕಟ್ಟೆ ತುಂಬಿದರೂ ನಾಲೆಗೆ ನೀರು ಯಾವಾಗ ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನ ಆಗಬೇಕು. ಅದು ಎರಡನೇದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿಟ್ಟರೂ ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸ್ತಾರೆ. ನಮ್ಮಂಥ ಕೊನೇ ಭಾಗದವರ ತೂಬಿಗೆ ನೀರು ಬರೋದು ಎಲ್ಲರ ಗದ್ದೆ ಕುಡಿದ ಮೇಲೆ. ಅದು ಮೂರನೇದು, ಅದನ್ನ ಹೇಳಬೇಕಾದವನು ಗದ್ದೆಗಳಿಗೆ ನೀರು ಬಿಡೋ ನೀರುಗಂಟಿ. ‘ಕಟ್ಟೆ ತುಂಬಿತು’ ಅನ್ನೋ ಮಾತು ನಿಜವೇ ಆಗಿದ್ದರೂ ನಮ್ಮ ಗದ್ದೆಗೆ ಅದು ಪೂರ್ತಿ ಸುದ್ದಿ ಅಲ್ಲ.

ಒಟ್ಲು ಹಾಕಿದ ಮೇಲೆ ಪೈರು ಯಾರಿಗೂ ಕಾಯಲ್ಲ. ಒಂದು ತಿಂಗಳ ಒಳಗೆ ಕಿತ್ತು ನಾಟಿ ಮಾಡಬೇಕು. ನೀರು ಬರದೆ ಒಟ್ಲಿನಲ್ಲೇ ಬಲಿತು ಹಳದಿಯಾಗಿ ನಿಂತ ಪೈರು ನೋಡಿದರೆ ಹೊಟ್ಟೆ ಉರಿಯುತ್ತೆ. ಬಿತ್ತನೆ ಬೀಜದ ದುಡ್ಡು, ಉಳುಮೆ ದುಡ್ಡು, ಆಳು ದುಡ್ಡು ಎಲ್ಲಾ ಅಲ್ಲೇ. ನಮ್ಮ ಊರಿನಲ್ಲಿ ಹಿರೀಕರು ಅದಕ್ಕೇ ಒಟ್ಲು ಹಾಕೋ ಮುಂಚೆ ಒಂದು ಸಲ ತೂಬಿನ ತನಕ ನಡೆದು ಹೋಗಿ ಬರ್ತಿದ್ದರು. ಫೋನಿನಲ್ಲಿ ನೋಡಿದ್ದೂ ಕೇಳಿದ್ದೂ ಒಂದೇ ಲೆಕ್ಕ. ಕಾಲಿನಲ್ಲಿ ಹೋಗಿ ನೋಡಿದ್ದು ಬೇರೆ ಲೆಕ್ಕ.

ಬೇಬಿ ಬೆಟ್ಟದ ಹುಡುಗ:

ನೋಡದೆ ನಂಬೋದರ ಮಾತು ಬಂದಿದ್ದಕ್ಕೆ, ನೋಡಿ ನಂಬೋದು ಹೇಗೆ ಅಂತಲೂ ಬರೀಬೇಕು ಅನ್ನಿಸ್ತು. ದನ ಕಟ್ಟೋ ಜನ ಸುಮ್ನೆ ಯಾವುದನ್ನೂ ಒಪ್ಪಿಕೊಳ್ಳೋರಲ್ಲ. ನಮ್ಮ ಬೇಬಿ ಬೆಟ್ಟದ ಜಾತ್ರೆ, ಹೇಮಗಿರಿ, ಚುಂಚನಕಟ್ಟೆ, ಮುಡುಕುತೊರೆ, ಎಲ್ಲಿ ಹೋದರೂ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಕೊಳ್ಳೋರನ್ನ ಒಂದು ಗಂಟೆ ನಿಂತು ನೋಡಿ.

ಮೊದಲು ದೂರದಿಂದ ನಿಲುವು ನೋಡ್ತಾರೆ. ಆಮೇಲೆ ಮೈಮೇಲಿನ ಕೂದಲ ಸುಳಿ. ಆಮೇಲೆ ಹತ್ತಿರ ಹೋಗಿ ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಲ್ಲಿ ಕೆಳದುಟಿ ಬಿಡಿಸಿ ಹಲ್ಲು ನೋಡ್ತಾರೆ. ದನಕ್ಕೆ ಮುಂದಿನ ಹಲ್ಲು ಇರೋದು ಕೆಳದವಡೆಯಲ್ಲಿ ಮಾತ್ರ, ಎಂಟು. ಮೇಲೆ ಇರಲ್ಲ. ಕರುವಿನ ಬಾಯಲ್ಲಿ ಇರೋದು ಹಾಲುಹಲ್ಲು. ಎರಡೂವರೆ ವರ್ಷದ ಆಸುಪಾಸಿನಲ್ಲಿ ನಡುವಿನ ಜೋಡಿ ಬಿದ್ದು ದೊಡ್ಡ ಹಲ್ಲು ಬರುತ್ತೆ, ಅದು ‘ಎರಡು ಹಲ್ಲು’. ಆಮೇಲೆ ನಾಲ್ಕು, ಆರು. ಸುಮಾರು ಐದು ವರ್ಷಕ್ಕೆ ಎಂಟೂ ಬಂದಾಗ ‘ಬಾಯಿ ಗೂಡ್ತು’ ಅಂತೀವಿ. ಅಲ್ಲಿಂದ ಮುಂದೆ ಹಲ್ಲಿನ ಸವೆತ ನೋಡಿ ವಯಸ್ಸು ಹೇಳೋದು. ಮಾರೋನು ‘ಇನ್ನೂ ನಾಲ್ಕು ಹಲ್ಲು ಕಣಣ್ಣ’ ಅಂದರೆ ಕೊಳ್ಳೋನು ಹೂಂ ಅಂತಾನೆ, ಆದರೆ ತುಟಿ ಬಿಡಿಸದೆ ಇರಲ್ಲ. ಅದರಲ್ಲಿ ಮಾರೋನಿಗೆ ಬೇಜಾರೂ ಇಲ್ಲ. ತಾನೇ ಮುಂದೆ ಬಂದು ಮೂಗುದಾರ ಹಿಡಿದು ಕೊಡ್ತಾನೆ.

ಆಮೇಲೆ ನಡೆಸಿ ನೋಡ್ತಾರೆ. ಮುಂಗಾಲು ಹಿಂಗಾಲು ತೊಡರುತ್ತಾ, ಹೆಗಲಲ್ಲಿ ಗಾಯ ಇದೆಯಾ, ಕಣ್ಣ ಹತ್ತಿರ ಕೈ ಬೀಸಿದರೆ ರೆಪ್ಪೆ ಬಡಿಯುತ್ತಾ, ಇದೆಲ್ಲ. ಕೊಂಬು ಹೆರೆದು ಎಣ್ಣೆ ಹಚ್ಚಿದ್ದರೆ ಚಂದ ಕಾಣುತ್ತೆ, ಅದಕ್ಕೇ ಕೊಂಬಿನ ಬುಡಕ್ಕೂ ಕೈ ಹೋಗುತ್ತೆ. ಹಸು ಆದರೆ ಕೆಚ್ಚಲು ನೋಡಿ ಮೋಸ ಹೋಗಬಾರದು. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿಕೊಂಡು ಬರೋರಿದ್ದಾರೆ. ತಿಳಿದೋರು ಅಲ್ಲೇ ಉಳಿದುಕೊಂಡು ಸಂಜೆ ಒಂದು ಹೊತ್ತು, ಬೆಳಿಗ್ಗೆ ಒಂದು ಹೊತ್ತು ಕರೆಸಿ ನೋಡ್ತಾರೆ. ಕೊನೆಗೆ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ದರ ಮಾತಾಡೋದು. ಅಷ್ಟು ಹೊತ್ತಿಗೆ ನೋಡೋದೆಲ್ಲ ಮುಗಿದಿರುತ್ತೆ.

‘ದಾನ ಕೊಟ್ಟ ದನದ ಹಲ್ಲು ಎಣಿಸಬಾರದು’ ಅಂತಾರಲ್ಲ, ಅದನ್ನೂ ಇದರ ಪಕ್ಕ ಇಟ್ಟು ನೋಡಿ. ದಾನದ್ದಾದರೆ ಎಣಿಸಬೇಡ. ಅಂದರೆ ದುಡ್ಡು ಕೊಟ್ಟು ತಂದಿದ್ದಾದರೆ ಎಣಿಸಲೇಬೇಕು ಅಂತ. ಇಂಥ ಜನರ ನಡುವೆ ಎತ್ತು ಈಯಿತು ಅಂದರೆ ಕಟ್ಟು ಅಂದವನು ಎಷ್ಟು ದೊಡ್ಡ ತಪ್ಪು ಮಾಡಿದ ಹಾಗಾಯ್ತು ಯೋಚನೆ ಮಾಡಿ.

ಈಗ ಮೊಬೈಲಿನಲ್ಲಿ ಹಸುವಿನ ವಿಡಿಯೋ ನೋಡಿ ಅಡ್ವಾನ್ಸ್ ಹಾಕೋರು ಹೆಚ್ಚಾಗಿದ್ದಾರೆ. ‘ಹೊತ್ತಿಗೆ ಹತ್ತು ಲೀಟರ್’ ಅಂತ ಬರೆದಿರುತ್ತೆ. ಕರೆದು ತೋರಿಸಿದ್ದಾರಾ, ಯಾವ ಹೊತ್ತು, ಎಷ್ಟನೇ ಸೂಲು (ಎಷ್ಟನೇ ಸಲ ಈದದ್ದು), ಒಂದೂ ಇರಲ್ಲ. ದಯವಿಟ್ಟು ಹೋಗಿ ನೋಡಿ. ಬಸ್ ಚಾರ್ಜು ಹೋದರೆ ಹೋಗಲಿ.

ಕೋರ್ಟ್ ರಸ್ತೆ:

ನಾನು ವಕೀಲ, ಮಂಡ್ಯದಲ್ಲಿ. ಹಲ್ಲು ನೋಡೋ ಜನ ಜಮೀನು ಕೊಳ್ಳುವಾಗ ಮಾತ್ರ ಯಾಕೋ ತುಟಿ ಬಿಡಿಸಲ್ಲ. ‘ಗೊತ್ತಿರೋರೇ ಸಾರ್’ ಅಂತ ಅಡ್ವಾನ್ಸ್ ಕೊಟ್ಟ ಮೇಲೆ ನನ್ನ ಹತ್ತಿರ ಬರ್ತಾರೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರು ಯಾರು, 11ನೇ ಕಾಲಂನಲ್ಲಿ ಸಾಲ ಏನಿದೆ, ಇಷ್ಟು ನೋಡಿದರೇ ಅರ್ಧ ಗೊಂದಲ ಹೊರಗೆ ಬರುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ಕೇಳಬೇಕು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲಲ್ಲ. ಮನೆಯ ಹೆಣ್ಣುಮಕ್ಕಳ ಭಾಗ ಏನಾಯ್ತು ಅಂತ ಕೇಳಬೇಕು. ಆಮೇಲೆ ಜಮೀನಿಗೆ ಹೋಗಿ ಉಳುತ್ತಿರೋರು ಯಾರು ಅಂತ ಕಣ್ಣಾರೆ ನೋಡಬೇಕು. ಇಷ್ಟೇ.

ಸರಸ್ವತಿಪುರಂ ಮೇಷ್ಟ್ರು:

ಬಹಳ ಒಳ್ಳೆಯ ಚರ್ಚೆ. ನಿವೃತ್ತ ಕನ್ನಡ ಮೇಷ್ಟ್ರು ನಾನು, ಒಂದೆರಡು ಮಾತು ಸೇರಿಸುತ್ತೇನೆ.

ಈ ಗಾದೆಗೆ ಅಕ್ಕಪಕ್ಕದಲ್ಲಿ ಇಡಬೇಕಾದ ಇನ್ನೊಂದು ಮಾತು ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’. ಎತ್ತಿನ ಗಾದೆ ಕೇಳಿದ್ದನ್ನು ನಂಬಬೇಡ ಅಂದರೆ, ಇದು ಕಂಡದ್ದನ್ನೂ ತಡೆದು ನೋಡು ಅನ್ನುತ್ತದೆ. 1995ರ ಸೆಪ್ಟೆಂಬರ್ 21 ನೆನಪಿದೆಯಾ? ಗಣಪತಿ ಹಾಲು ಕುಡಿಯುತ್ತಾನೆ ಅನ್ನೋ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ದೇವಸ್ಥಾನಗಳ ಮುಂದೆ ಚೊಂಬು ಹಿಡಿದ ಜನರ ಸಾಲು. ಅವರೆಲ್ಲ ನೋಡದೆ ನಂಬಿದವರಲ್ಲ. ಚಮಚದ ಹಾಲು ಖಾಲಿಯಾಗಿದ್ದನ್ನು ಕಣ್ಣಾರೆ ಕಂಡವರು. ಹಾಲು ಹೋಗಿದ್ದೆಲ್ಲಿಗೆ ಅಂತ ತಿಳಿಯೋಕೆ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕೊಟ್ಟು ನೋಡಿದರು. ಮೇಲ್ಮೈ ಸೆಳೆತದಿಂದ ಹಾಲು ಚಮಚದಿಂದ ಮೇಲೆದ್ದು ವಿಗ್ರಹದ ಮೈಮೇಲೆ ತೆಳುವಾಗಿ ಇಳಿದು ಹೋಗುತ್ತಿತ್ತು. ಬಣ್ಣ ಆ ದಾರಿಯನ್ನು ತೋರಿಸಿಕೊಟ್ಟಿತು. ಪರಾಂಬರಿಸೋದು ಅಂದರೆ ಆ ಬಣ್ಣ ಬೆರೆಸೋ ಕೆಲಸ. ಭಕ್ತಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟು ಬಂದಾಗ ಅದರೊಳಗೆ ಚಿಪ್ ಇದೆ ಅಂದರು. ಓದಿದವರೇ ನಂಬಿದರು. ತಿಳಿದೋರಿಗೇ ಹೇಳಿದ್ದು ಅಂತ ಅಮ್ಮನವರ ಮಾವ ಹೇಳಿದ ಮಾತು ನನಗೆ ಅದಕ್ಕೇ ಹಿಡಿಸಿತು.

ಇದೆಲ್ಲ ನಗು ಬರಿಸೋ ಉದಾಹರಣೆ. ನಗೋಕಾಗದ್ದೂ ಇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುಳ್ಳು ಸುದ್ದಿ ಫೋನಿಂದ ಫೋನಿಗೆ ಹರಿದಾಡಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಅನ್ನೋ ಊರಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನೋ ಕಾರಣಕ್ಕೆ ಹೊರಗಿನಿಂದ ಬಂದಿದ್ದವರನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಸತ್ತುಹೋದ. ಅದೇ ತಿಂಗಳು ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಅಂತ ಮಿತಿ ಹಾಕಿದರು. ಹೇಮಗಿರಿಯವರು ಹೇಳಿದರಲ್ಲ, ಈದದ್ದು ಯಾವುದು ಅಂತ ಕೇಳೋಕೆ ಪುರುಸೊತ್ತಿರಲಿಲ್ಲ ಅಂತ. ಅಲ್ಲೂ ಅಷ್ಟೇ. ನೀವು ಯಾರು, ಎಲ್ಲಿಂದ ಬಂದಿರಿ, ಯಾರ ಮನೆಗೆ ಬಂದಿರಿ ಅಂತ ನಿಂತು ಕೇಳುವಷ್ಟು ತಾಳ್ಮೆ ಇದ್ದಿದ್ದರೆ ಆ ಹುಡುಗ ಇರುತ್ತಿದ್ದ. ಈ ಗಾದೆಯನ್ನು ದಡ್ಡತನ ಅಂತ ಒಂದು ಸಾಲಿನಲ್ಲಿ ಮುಗಿಸೋ ಗೈಡುಗಳ ಮೇಲೆ ನನಗೆ ಕೋಪ ಬರೋದು ಇದಕ್ಕೇ.

ಕೋಟೆ ಬೀದಿ, ಶ್ರೀರಂಗಪಟ್ಟಣ:

ಮೇಷ್ಟ್ರೇ, ಎಲ್ಲಾ ಒಪ್ಪಿದೆ. ಆದರೆ ಒಂದು ಆತಂಕ. ಹೀಗೇ ಹೇಳ್ತಾ ಹೋದರೆ ಯಾರನ್ನೂ ನಂಬಬಾರದು ಅಂತ ಮಕ್ಕಳಿಗೆ ಕಲಿಸಿದ ಹಾಗಾಗಲ್ವಾ? ನಮ್ಮ ಹಳ್ಳಿಗಳು ನಡೆದಿದ್ದೇ ಬಾಯಿ ಮಾತಿನ ಮೇಲೆ. ನಮ್ಮ ತಾತ ಪಕ್ಕದ ಮನೆಯವರಿಗೆ ಎತ್ತಿನ ಜೋಡಿಯನ್ನೇ ಉಳುಮೆಗೆ ಬಿಟ್ಟುಕೊಡ್ತಿದ್ದರು, ಚೀಟಿಯಿಲ್ಲ, ಸಾಕ್ಷಿಯಿಲ್ಲ.

ಸರಸ್ವತಿಪುರಂ ಮೇಷ್ಟ್ರು:

ನಿಮ್ಮ ತಾತ ನಂಬಿದ್ದು ಒಬ್ಬ ಮನುಷ್ಯನನ್ನು. ಎಷ್ಟೋ ವರ್ಷ ಪಕ್ಕದಲ್ಲೇ ಬಾಳಿ ನೋಡಿದ ಮೇಲೆ ಬಂದ ನಂಬಿಕೆ ಅದು. ಗಾದೆಯವನು ನಂಬಿದ್ದು ಒಂದು ಸುದ್ದಿಯನ್ನು. ಸುದ್ದಿ ತಂದವನು ತುಂಬಾ ಒಳ್ಳೆಯವನೇ ಇರಬಹುದು, ಅವನಿಗೂ ಯಾರೋ ಹೇಳಿರಬಹುದು. ಎದ್ದು ಹೋಗಿ ನೋಡಿದರೆ ಅವನಿಗೆ ಅವಮಾನ ಮಾಡಿದ ಹಾಗಲ್ಲ. ಮೇಲೆ ಬೇಬಿ ಬೆಟ್ಟದವರು ಬರೆದಿದ್ದಾರೆ ನೋಡಿ, ಮಾರೋನೇ ಮೂಗುದಾರ ಹಿಡಿದುಕೊಡ್ತಾನೆ ಅಂತ. ನಂಬಿಕೆ ಇರೋ ಕಡೆ ನೋಡೋಕೆ ಯಾರೂ ಬೇಡ ಅನ್ನಲ್ಲ. 11ನೇ ಶತಮಾನದ ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ಪರೀಕ್ಷೆ ಒಂದು ಭಾಗ, ಅದರ ಮುಂದಿನದೇ ವಿಶ್ವಾಸ. ಮಗುವನ್ನು ಕಾಪಾಡಿದ ಮುಂಗುಸಿಯ ಬಾಯಿಯ ರಕ್ತ ನೋಡಿ, ತೊಟ್ಟಿಲು ನೋಡದೆ ಅದನ್ನು ಕೊಂದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ನೋಡದೆ ಇದ್ದದ್ದರಿಂದ ಸತ್ತಿದ್ದು ಒಂದು ನಂಬಿಕಸ್ಥ ಜೀವ. ನೋಡಿದ್ದರೆ ನಂಬಿಕೆ ಉಳಿಯುತ್ತಿತ್ತು. ಮಕ್ಕಳಿಗೆ ಇದನ್ನು ಹೇಳಿ, ಅನುಮಾನ ಕಲಿಸಿದ ಹಾಗಾಗಲ್ಲ.

ಕೋಟೆ ಬೀದಿ, ಶ್ರೀರಂಗಪಟ್ಟಣ:

ಇದು ಸರಿ ಅನ್ನಿಸಿತು. ಆದರೂ ಜಗಲಿ ಮೇಲಿನ ಯಜಮಾನನನ್ನು ನಾನು ಬಿಟ್ಟುಕೊಡಲ್ಲ. ಆ ಗಾದೆಯಲ್ಲಿ ಅವನಿದ್ದಾನೆ.

ಹೇಮಗಿರಿ ಸೀಮೆ:

ಇರಲಿ ಬಿಡಿ ಅಣ್ಣ. ಆಳಿನ ಮಾತನ್ನ ಸರಿಯಾಗಿ ಕೇಳದ ಯಜಮಾನರು ನಮ್ಮ ಕಡೆಯೂ ಬೇಕಾದಷ್ಟು ಇದ್ದರು.

ಕುವೆಂಪುನಗರದ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಕೂತು ಪೂರ್ತಿ ಓದಿದಳು. ಗೈಡಿನ ಸಾಲು ಬಿಟ್ಟು, ಮಾಸು ಬಿತ್ತಾ ಅಂತ ಕೇಳೋ ಪ್ರಶ್ನೆಯಿಂದ ವಿಸ್ತರಣೆ ಶುರು ಮಾಡ್ತಾಳಂತೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಕೊಡ್ತಾರಾ ಮೇಷ್ಟ್ರೇ? ಇನ್ನೊಂದು, ಮಾವನವರಿಗೆ ಓದಿ ಹೇಳಿದೆ. ಎತ್ತನ್ನೇ ಕಟ್ಟೋದು ಅಂತ ಮದ್ದೂರಿನವರ ಕಡೆ ಸೇರಿದರು. ಅವಳನ್ನ ಒಂದು ಸಲ ಜಾತ್ರೆಗೆ ಕರ್ಕೊಂಡು ಹೋಗಿ ಹಲ್ಲು ನೋಡೋದು ತೋರಿಸಬೇಕು ಅಂತಿದ್ದಾರೆ. ಯಾವಾಗ ಹೋದರೆ ಒಳ್ಳೇದು?

ಸರಸ್ವತಿಪುರಂ ಮೇಷ್ಟ್ರು:

ಧಾರಾಳವಾಗಿ ಕೊಡುತ್ತಾರೆ. ಮೊದಲು ಗಾದೆಯ ನೇರ ಅರ್ಥ ಎರಡು ಸಾಲಿನಲ್ಲಿ ಬರೆಯಲಿ, ಆಮೇಲೆ ಕೊಟ್ಟಿಗೆಯ ಪ್ರಸಂಗ, ಆಮೇಲೆ ಇವತ್ತಿನ ಒಂದು ಉದಾಹರಣೆ. ಒಂದೇ ಸಾಕು. ನಾಲೆ ನೀರಿನದ್ದು ಚೆನ್ನಾಗಿದೆ, ಪೇಪರ್ ತಿದ್ದೋರು ಅದನ್ನು ಬೇರೆ ಯಾರ ಉತ್ತರದಲ್ಲೂ ಕಂಡಿರಲ್ಲ.

ಬೇಬಿ ಬೆಟ್ಟದ ಹುಡುಗ:

ಶಿವರಾತ್ರಿ ಆಸುಪಾಸಿನಲ್ಲಿ ನಮ್ಮ ಜಾತ್ರೆ ಇರುತ್ತೆ ಅಕ್ಕ, ಪಾಂಡವಪುರದಿಂದ ಹತ್ತಿರವೇ. ಚುಂಚನಕಟ್ಟೆಯದು ಸಂಕ್ರಾಂತಿ ಹೊತ್ತಿಗೆ, ನಿಮಗೆ ಯಾವುದು ಅನುಕೂಲವೋ ನೋಡಿ. ಹೊರಡೋ ಮುಂಚೆ ಆ ವರ್ಷದ ದಿನ ಗೊತ್ತು ಮಾಡಿಕೊಳ್ಳಿ. ಚರ್ಮಗಂಟು ರೋಗ ಇದ್ದ ವರ್ಷ ದನ ಸೇರಿಸೋಕೆ ಬಿಡಲ್ಲ. ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರಿದ ಮೇಲೆ ದನಗಳಿಗೂ ಸಿಟ್ಟು. ಮಗಳಿಗೆ ಒಂದು ಮಾತು ಹೇಳಿ, ಮಾಲೀಕರನ್ನ ಕೇಳದೆ ಯಾವ ಹೋರಿಯ ಬಾಯಿಗೂ ಕೈ ಹಾಕಬಾರದು. ಕೇಳಿದರೆ ಅವರೇ ಹಿಡಿದು ತೋರಿಸ್ತಾರೆ.